ಕಾಯದೆ ಮುಚ್ಚಿದ ಮಣ್ಣು

ನಮ್ಮವರಲ್ಲಿ ತಾಯಿ ಸತ್ತರೆ ಮಗಳು ಬರುವವರೆಗೆ ಮಣ್ಣು ಮಾಡುವುದಿಲ್ಲ. ಮಗಳು ಎಷ್ಟೇ ದೂರದಲ್ಲಿರಲಿ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿರಲಿ, ಹೆಣವನ್ನು ಜಗಲಿಗೆ ಒರಗಿಸಿ ಕೂರಿಸಿಕೊಂಡು ಕಾಯುತ್ತಾರೆ. ಅವಳು ಬಂದು ತಲೆಗೆ ಎಣ್ಣೆ ಇಟ್ಟು ಮೊದಲ ಚೊಂಬು ನೀರು ಹಾಕಿದ ಮೇಲೆ ಉಳಿದವರು ಹಾಕುತ್ತಾರೆ. ಜಗಳವಾಡಿ ಹತ್ತು ವರ್ಷ ತವರಿಗೆ ಕಾಲಿಡದ ಹೆಣ್ಣುಮಕ್ಕಳಿಗೂ ಕಾದದ್ದನ್ನು ನಾನು ನೋಡಿದ್ದೇನೆ. ನನಗೆ ಮಾತ್ರ ಕಾಯಲಿಲ್ಲ.

ನಾನಿರುವುದು ರಾಯದುರ್ಗದಲ್ಲಿ. ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಪ್ಯಾಂಟಿಗೆ ಸೊಂಟದ ಪಟ್ಟಿ ಕೂಡಿಸುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅಣ್ಣನ ಫೋನು ಬಂತು. ಅವನಿರುವುದು ನಮ್ಮ ತವರಿನಲ್ಲಿ, ಮಡಕಶಿರದ ಹತ್ತಿರದ ಹಳ್ಳಿಯಲ್ಲಿ. ಅಮ್ಮ ಅವನ ಜೊತೆಗೇ ಇದ್ದಳು.

"ಅಮ್ಮಂಗೆ ಒಸಿ ಹುಷಾರಿಲ್ಲ ಕಣಮ್ಮ. ಗಾಬ್ರಿ ಬೀಳ್ಬೇಡ. ಉಂಡ್ಕೊಂಡು ನಿಧಾನಕ್ಕೆ ಬಾ."

"ಆಸ್ಪತ್ರೆಗೆ ಸೇರ್ಸಿದ್ದೀರಾ?"

"ಇಲ್ಲಿ ನಾವೆಲ್ಲ ಇದ್ದೀವಲ್ಲ. ನೀನು ಉಂಡ್ಕೊಂಡು ಬಾ."

ನಾನು ಉಂಡೆನೋ ಬಿಟ್ಟೆನೋ ಎಂದು ಅಣ್ಣ ಹುಟ್ಟಿದಾಗಿನಿಂದ ಕೇಳಿದವನಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಗುಮ್ಮಘಟ್ಟಕ್ಕೆ ಶೇರ್ ಆಟೋ ಓಡಿಸುವ ನನ್ನ ಗಂಡ ಆಟೋ ಮನೆ ಮುಂದೆ ನಿಲ್ಲಿಸಿ ನನ್ನ ಜೊತೆ ಹೊರಟ. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬದಲಿಸಿ ಪಾವಗಡದಲ್ಲಿ ಇಳಿದಾಗ ಮಡಕಶಿರದ ಬಸ್ಸು ಎದುರಿಗೇ ನಿಂತಿತ್ತು, ಡ್ರೈವರ್ ಕೂತಾಗಿತ್ತು. ನಾನು ಓಡಿದೆ. ಗಂಡ ಕೈ ಹಿಡಿದ.

"ತುಂಬೈತಿ ಅದು. ಮುಂದಿಂದಕ್ಕ ಹೋಗೋಣು. ಕುಂದ್ರಾಕರ ಜಾಗ ಸಿಗತೈತಿ."

"ನಿಂತ್ಕೊಂಡೇ ಹೋಗೋಣ ಬರ್ರಿ."

"ಯಾಕ ಅವಸರ? ಚಾ ಕುಡಿ ಮೊದಲ."

ಆ ಚಹಾ ನಾನು ಕುಡಿದೆ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಅವನಿಗೆ ಬೆಳಿಗ್ಗೆಯೇ ಎಲ್ಲ ಗೊತ್ತಿತ್ತು. ಅಮ್ಮ ಕೋಳಿ ಕೂಗುವ ಹೊತ್ತಿಗೇ ಹೋಗಿದ್ದಳು. ಮೂರು ಗಂಟೆಯ ಒಳಗೆ ನನ್ನನ್ನು ಊರಿಗೆ ಕರೆತರಬಾರದು ಎಂದು ಅಣ್ಣ ನನ್ನ ಗಂಡನಿಗೆ ಹೇಳಿದ್ದ. ಅವನು ಒಪ್ಪಿದ್ದ.

ನಾವು ಊರು ಮುಟ್ಟಿದಾಗ ಮೂರೂವರೆ. ಗಂಡಸರು ಮನೆಯ ಮುಂದಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಕೆಂಪು ಮಣ್ಣು ನೀರಿನಲ್ಲಿ ಹರಿದು ಬೀದಿಗೆ ಬರುತ್ತಿತ್ತು. ಯಾರೂ ನನಗೆ ಏನೂ ಹೇಳಬೇಕಾಗಲಿಲ್ಲ.

ಅವರು ನನ್ನನ್ನು ನೋಡಿದ ರೀತಿ ಹೇಳುತ್ತೇನೆ. ತಾಯಿ ಸತ್ತವಳನ್ನು ನೋಡುವ ಹಾಗೆ ನೋಡಲಿಲ್ಲ. ಹಾಯುವ ಎಮ್ಮೆ ಬೀದಿಗೆ ಬಂದರೆ ನೋಡುತ್ತಾರಲ್ಲ, ಹಾಗೆ. ಒಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಒಳಗೆ ಹೋಗಿ ದೀಪ ಹಚ್ಚಿಟ್ಟ ಮೂಲೆಯಲ್ಲಿ ಕೂತೆ. ಅಳು ಬರಲಿಲ್ಲ. ಆ ಕಡೆ ದೊಡ್ಡಮ್ಮನ ಮಗಳು ನೆಲದ ಮೇಲೆ ಉರುಳಾಡುತ್ತಿದ್ದಳು. ಎದೆ ಬಡಿದುಕೊಂಡು, "ನನ್ ಬಿಟ್ಟು ಹೋದ್ಯಲ್ಲೇ ನಮ್ಮವ್ವ, ಮೋಸ ಮಾಡ್ಬುಟ್ಯಲ್ಲೇ" ಎಂದು ಸತ್ತವಳನ್ನು ಬೈಯುತ್ತಿದ್ದಳು. ಅವಳಿಗೆ ನಿಂಬೆಹಣ್ಣಿನ ಶರಬತ್ತು ಕೊಟ್ಟು ಗಾಳಿ ಬೀಸಿದರು. ಅವಳು ಸರಿಯಾಗಿ ದುಃಖ ಪಡುತ್ತಿದ್ದಳು. ಸುಮ್ಮನೆ ಕೂತಿದ್ದ ನನ್ನನ್ನು ನೋಡಿ ಇಬ್ಬರು ಪಿಸುಗುಟ್ಟಿದರು.

"ಒಂದು ಹನಿ ಕಣ್ಣೀರಿಲ್ಲ ನೋಡೇ."

"ಮಾತ್ರೆ ತಿಂದವ್ಳೆ ಕಣೇ, ಅದ್ಕೇ."

ಸ್ವಲ್ಪ ಹೊತ್ತಿಗೆ ಅಣ್ಣ ಬಂದ. ನಾನು ಕೇಳಿದೆ: "ಯಾಕಣ್ಣ ಕಾಯ್ಲಿಲ್ಲ?" ನನ್ನ ದನಿ ಎತ್ತರವಾಗಿತ್ತೇನೋ. ಆದರೂ ದೊಡ್ಡಮ್ಮನ ಮಗಳ ದನಿಯ ಅರ್ಧವೂ ಇರಲಿಲ್ಲ. ಅಣ್ಣ ನನ್ನ ಗಂಡನ ಕಡೆ ತಿರುಗಿದ.

"ಭಾವ, ಅವಳ ಮಾತ್ರೆ ತಂದಿದ್ದೀರಾ?"

ಈ ಪ್ರಶ್ನೆ ನನ್ನ ಬದುಕಿಗೆ ಬಂದು ಎರಡು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಬಳ್ಳಾರಿಯ ಒಬ್ಬ ಡಾಕ್ಟರಮ್ಮ ನನ್ನ ಚೀಟಿಯ ಮೇಲೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಬರೆದರು. ಅದಕ್ಕೂ ಮೊದಲು ನಾನು ಐದು ಯೂನಿಟ್ಟು ಬಿಟ್ಟಿದ್ದೆ. ಪ್ರತಿ ಸಲವೂ ಅದೇ ಕತೆ. ಒಬ್ಬಳು ಗೆಳತಿ ದೇವರಾಗುತ್ತಿದ್ದಳು, ಅವಳ ಬುತ್ತಿ ನನ್ನದು, ನನ್ನ ಬುತ್ತಿ ಅವಳದು. ಒಂದು ದಿನ ಅವಳು ಬೇರೆಯವರ ಜೊತೆ ಕೂತು ಉಂಡರೆ ಸಾಕು, ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಮರುದಿನದಿಂದ ಆ ಯೂನಿಟ್ಟೇ ಬೇಡ. ಮನೆಯಲ್ಲೂ ಹಾಗೇ. ಗಂಡ ಫೋನು ಎತ್ತದಿದ್ದರೆ ಹೊರಗೆ ಬೇರೆ ಹೆಂಗಸಿದ್ದಾಳೆ ಎನ್ನುತ್ತಿದ್ದೆ, ಎತ್ತಿದರೆ ನನ್ನ ಕಾಲು ಹಿಡಿದು ಅಳಬೇಕೆನ್ನುತ್ತಿದ್ದೆ. ಆ ವರ್ಷಗಳಲ್ಲಿ ನನ್ನ ಮೈಗೆ ನಾನೇ ನೋವು ಮಾಡಿಕೊಂಡದ್ದೂ ಉಂಟು. ಆ ಮೇಲೆಯೇ ಗಂಡ ಬಳ್ಳಾರಿಗೆ ಕರೆದುಕೊಂಡು ಹೋದದ್ದು.

ಡಾಕ್ಟರಮ್ಮ ಕೇಳಿದರು: "ಯಾರಾರ ಬಿಟ್ಟು ಹೋಗ್ತಾರ ಅಂತ ಭಯ ಆಗತೈತೇನ್ರಿ?"

ನಾನು ನಕ್ಕೆ. "ಯಾರಿಗ್ರಿ ಆಗಂಗಿಲ್ಲ?"

"ಎಲ್ಲರಿಗೂ ಆಗತೈತ್ರಿ. ಅವರು ಕಾಯ್ತಾರ. ನೀವು ಕಾಯಂಗಿಲ್ಲ. ಎದುರಿನವರು ಬಿಡೋಕಿಂತ ಮೊದಲ ನೀವ ಬಿಡಿಸಿಕೊಂಡು ಬರ್ತೀರಿ."

ಇಷ್ಟು ವರ್ಷ ನನ್ನನ್ನು ಯಾರೂ ಹೀಗೆ ಒಂದೇ ಮಾತಿನಲ್ಲಿ ಹಿಡಿದಿರಲಿಲ್ಲ. ಮೊದಲ ವಾರ ನನಗೆ ಸಂತೋಷವೇ ಆಯಿತು. ನಾನು ಕೆಟ್ಟವಳಲ್ಲ, ಇದೊಂದು ಕಾಯಿಲೆ. ಎರಡನೇ ವಾರ ಆ ಹೆಸರಿನ ಅರ್ಥ ಕೇಳಿದೆ. ವ್ಯಕ್ತಿತ್ವದ ತೊಂದರೆ ಎಂದರು. ಜ್ವರ ಬಂದರೆ ಮೈಗೆ ಕಾಯಿಲೆ, ಕಲ್ಲಾದರೆ ಮೂತ್ರಪಿಂಡಕ್ಕೆ ಕಾಯಿಲೆ. ವ್ಯಕ್ತಿತ್ವಕ್ಕೇ ಕಾಯಿಲೆ ಎಂದರೆ ಉಳಿದದ್ದೇನು? ನಾನೇ ಕಾಯಿಲೆಯೇ? ಬಸ್ಸಿನಲ್ಲಿ ಬರುವಾಗ ಆ ಚೀಟಿಯನ್ನು ಮಡಿಚಿ ಮಡಿಚಿ ಬೆರಳಿನಷ್ಟು ಮಾಡಿದ್ದೆ.

ನನಗಿಂತ ಹೆಚ್ಚು ಸಂತೋಷವಾದದ್ದು ಮನೆಯವರಿಗೆ. ಇನ್ನು ಮೇಲೆ ನನ್ನ ಯಾವ ಪ್ರಶ್ನೆಗೂ ಅವರು ಉತ್ತರ ಕೊಡಬೇಕಾಗಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದರೂ, "ಗುಳಿಗಿ ತಗೊಂಡಿ ಇಲ್ಲೋ?" ಎಂಬ ಪ್ರಶ್ನೆ. ಅತ್ತರೆ ಕಾಯಿಲೆ, ನಕ್ಕರೆ ಜಾಸ್ತಿ ನಗುತ್ತಿದ್ದಾಳೆ, ಸುಮ್ಮನಿದ್ದರೆ ಏನೋ ಯೋಚಿಸುತ್ತಿದ್ದಾಳೆ. ನನ್ನ ಸಿಟ್ಟನ್ನು ಯಾರೂ ಸಿಟ್ಟು ಎಂದು ಕರೆಯಲಿಲ್ಲ.

ಅಮ್ಮ ಒಬ್ಬಳು ಬೇರೆ ಇದ್ದಳು. ಅಥವಾ ಬೇರೆ ಎಂದು ನಾನು ತಿಳಿದಿದ್ದೆ. ಓದು ಬಾರದ ಹೆಂಗಸು. ಒಂದು ಸಲ ನನ್ನ ಜೊತೆ ಬಳ್ಳಾರಿಗೆ ಬಂದು, ಸೆರಗು ಹೊದ್ದು ಡಾಕ್ಟರಮ್ಮನ ಎದುರು ಕೂತು, "ಇದು ನನ್ನಿಂದ ಬಂದದ್ದೇನವ್ವ?" ಎಂದು ಕೇಳಿದಳು. ಅಲ್ಲ ಎಂದರು. "ಹಂಗಾದ್ರೆ ನಾನೇನು ಮಾಡ್ಲಿ, ಅದನ್ನ ಹೇಳು" ಎಂದಳು. ಅವರು ಹೇಳಿಕೊಟ್ಟರು. ಅವತ್ತಿನಿಂದ ದಿನಾ ಊಟದ ಬಿಡುವಿನಲ್ಲಿ, ಒಂದೂ ಹತ್ತಕ್ಕೆ ಅಮ್ಮನ ಫೋನು ಬರುತ್ತಿತ್ತು. "ಉಂಡ್ಯೇನೇ?" ನಾನು ಬೈದು ಫೋನು ಇಟ್ಟರೆ ಸರಿಯಾಗಿ ಒಂದು ಗಂಟೆ ಬಿಟ್ಟು ಮತ್ತೆ ಮಾಡುತ್ತಿದ್ದಳು, ಏನೂ ಆಗದವಳ ಹಾಗೆ. "ಏನ್ ಸಾರೇ ಇವತ್ತು?" ಆರನೇ ಯೂನಿಟ್ಟಿನಲ್ಲಿ ನಾನು ಒಂದೂವರೆ ವರ್ಷ ನಿಂತಿದ್ದರೆ ಅದಕ್ಕೆ ಮಾತ್ರೆಯಷ್ಟೇ ಆ ಫೋನೂ ಕಾರಣ.

ಆ ಅಮ್ಮನ ಮುಖವನ್ನು ನನಗೆ ಕೊನೆಯ ಸಲ ತೋರಿಸಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆ ನನ್ನನ್ನು ಹುಳದ ಮನೆಗೆ ಕಳಿಸಿದಳು. ಅಮ್ಮ ರೇಷ್ಮೆ ಸಾಕುತ್ತಿದ್ದಳು. ಹುಳುಗಳು ನಾಲ್ಕನೇ ಜ್ವರದ ನಿದ್ದೆಯಿಂದ ಎದ್ದಿದ್ದವು. ಪೊರೆ ಬಿಟ್ಟು ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು, ಮನೆಯಲ್ಲಿ ಯಾರು ಸತ್ತರೂ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು. ಬಂದ ನೆಂಟರ ಕಣ್ಣಿಂದ ನನ್ನನ್ನು ದೂರ ಇಡಲಿಕ್ಕೆ ಅದೊಂದು ಒಳ್ಳೆಯ ಉಪಾಯವಾಗಿತ್ತು. ನಾನು ಸೊಪ್ಪು ಹಾಕುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅತ್ತಿಗೆಯೂ ಇನ್ನೊಂದು ಹೊರೆ ತಂದು ಪಕ್ಕದ ತಟ್ಟೆಗೆ ಹಾಕತೊಡಗಿದಳು.

"ಒಂದು ಫೋಟೋನಾದ್ರೂ ತೋರ್ಸು. ಯಾರೂ ತೆಗೀಲಿಲ್ವಾ?" ಎಂದೆ.

"ತೆಗ್ದಿದ್ರು. ನಿಮ್ಮಣ್ಣ ಎಲ್ಲರ ಫೋನಲ್ಲೂ ಅಳ್ಸಿಬಿಟ್ರು."

"ಯಾಕೆ?"

"ನೀನು ನೋಡಿದ್ರೆ ಏನಾದ್ರೂ ಮಾಡ್ಕೊಂತೀಯ ಅಂತ."

ಕೈಯಲ್ಲಿದ್ದ ಸೊಪ್ಪು ನೆಲಕ್ಕೆ ಬಿತ್ತು. ನಾನು ಏನೇನೋ ಅಂದೆ. ನಿಮ್ಮ ಅಪ್ಪ ಅಮ್ಮ ಸತ್ತಾಗ ನಿನಗೂ ಹೀಗೇ ಆಗಲಿ ಎಂದೂ ಅಂದೆ. ಆಗ ಅತ್ತಿಗೆಯ ತಾಳ್ಮೆ ಹೋಯಿತು. ಅವಳೂ ಹಿಂದಿನ ದಿನದಿಂದ ಉಂಡಿರಲಿಲ್ಲ, ಕಣ್ಣು ಬಾತಿದ್ದವು.

"ನಮ್ಮನ್ಯಾಕಮ್ಮ ಶಪಿಸ್ತೀಯ? ನಿಮ್ಮಮ್ಮನೇ ಹೇಳಿದ್ದು! ಹೋದ ತಿಂಗಳು ಎದೆ ನೋವು ಬಂದಾಗ್ಲೇ ನಿಮ್ಮಣ್ಣನ ಕೈ ಹಿಡ್ಕೊಂಡು ಹೇಳ್ತು. 'ಅವಳು ಬರೋಕ್ ಮುಂಚೆ ನನ್ನ ಮಣ್ಣು ಮಾಡ್ಬುಡ್ರಪ್ಪ, ಅವಳು ನೋಡಿ ತಡ್ಕಳಲ್ಲ, ಗುಂಡೀಗೇ ಬಿದ್ದುಬುಡ್ತಾಳೆ' ಅಂತ. ಆಣೆ ಹಾಕಿಸ್ಕೊಂಡಿತ್ತು. ನಾವೇನು ಕಲ್ಲಾ? ಎರಡು ಗಂಟೆ ತನಕ ನಿಮ್ಮಣ್ಣ ಬಾಗಿಲಲ್ಲೇ ಕೂತಿದ್ರು, ಅಮ್ಮನ್ನ ಎತ್ತೋಕೆ ಮನಸ್ಸಾಗ್ದೆ ಏಳ್ಲಿಲ್ಲ, ಗೊತ್ತಾ?"

ಅತ್ತಿಗೆ ತನ್ನ ತಟ್ಟೆಗೆ ಮತ್ತೆ ಸೊಪ್ಪು ಹಾಕತೊಡಗಿದಳು.

ಅಣ್ಣನ ಮೇಲೆ, ಗಂಡನ ಮೇಲೆ, ಅತ್ತಿಗೆಯ ಮೇಲೆ ಒಂದು ದಿನದಿಂದ ಕಟ್ಟಿಕೊಂಡಿದ್ದ ಸಿಟ್ಟು ಈಗ ಎಲ್ಲಿಗೆ ಹೋಗಬೇಕು? ಅದು ಅಮ್ಮನ ಕಡೆ ತಿರುಗಿತು. ಸತ್ತವಳ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಎರಡು ವರ್ಷ ಒಂದೂ ಹತ್ತಕ್ಕೆ ಬರುತ್ತಿದ್ದ ಫೋನು ಏನು? ಅದು ಪ್ರೀತಿಯಲ್ಲ, ಕಾವಲು. ಅವಳೂ ನನ್ನನ್ನು ಹುಚ್ಚಿ ಎಂದೇ ತಿಳಿದಿದ್ದಳು. "ಉಂಡ್ಯೇನೇ" ಎಂದದ್ದೆಲ್ಲ ಸುಳ್ಳು. ಕ್ಷಣದಲ್ಲಿ ಅಮ್ಮ ನನಗೆ ಪೂರ್ತಿ ಕೆಟ್ಟವಳಾದಳು. ತಕ್ಷಣ ಊರು ಬಿಡಬೇಕು, ನಾಳೆಯ ಹಾಲುತುಪ್ಪ ಅವರೇ ಮಾಡಿಕೊಳ್ಳಲಿ ಎಂದು ಚೀಲ ತೆಗೆದುಕೊಂಡೆ.

ಅಲ್ಲಿ, ಬಾಗಿಲಲ್ಲಿ, ನನ್ನ ಕಾಲು ನಿಂತಿತು. ಡಾಕ್ಟರಮ್ಮನ ಮಾತು ನೆನಪಾಗಿ ನಿಂತಿತು ಎಂದರೆ ಚೆನ್ನಾಗಿರುತ್ತದೆ. ಆದರೆ ಹಾಗಲ್ಲ. ನನಗೆ ಈ ಜಾಗ ಗುರುತು ಸಿಕ್ಕಿತು, ಅಷ್ಟೇ. ಐದು ಯೂನಿಟ್ಟಿನ ಬಾಗಿಲಲ್ಲೂ ನಾನು ಹೀಗೇ ಚೀಲ ಹಿಡಿದು ನಿಂತಿದ್ದೆ. ನಿನ್ನೆ ಪೂರ್ತಿ ಒಳ್ಳೆಯವರು, ಇವತ್ತು ಪೂರ್ತಿ ಕೆಟ್ಟವರು, ಮಧ್ಯೆ ಏನೂ ಇಲ್ಲ. ಇದು ಆ ಚೀಟಿಯಲ್ಲಿ ಬರೆದದ್ದೇ. ಆ ಕಾಯಿಲೆ ನನಗಿದೆ. ಇಲ್ಲ ಎಂದು ಎರಡು ವರ್ಷ ಒಳಗೊಳಗೇ ಜಗಳವಾಡಿದ್ದೆ. ಅವತ್ತು ಹುಳದ ಮನೆಯ ಬಾಗಿಲಲ್ಲಿ, ಇದೆ ಎಂದು ಒಪ್ಪಿದೆ.

ಆದರೆ ಇನ್ನೊಂದನ್ನೂ ಅಲ್ಲೇ ತಿಳಿದುಕೊಂಡೆ. ಊರು ಬಿಟ್ಟು ಓಡಬೇಕೆನ್ನುವುದು ಕಾಯಿಲೆ. ತಾಯಿಯ ಮುಖ ತೋರಿಸದೆ ಮಣ್ಣು ಮುಚ್ಚಿದರಲ್ಲ ಎಂಬ ಸಿಟ್ಟು ಕಾಯಿಲೆಯಲ್ಲ. ಅದು ಯಾವ ಮಗಳಿಗಾದರೂ ಬರುತ್ತದೆ. ಅದನ್ನು ಯಾವ ಮಾತ್ರೆಗೂ ಬಿಟ್ಟುಕೊಡುವುದಿಲ್ಲ.

ಚೀಲ ಕೆಳಗಿಟ್ಟೆ. ಬಿದ್ದ ಸೊಪ್ಪನ್ನು ಆರಿಸಿ, ಮಣ್ಣು ಕೊಡವಿ ಬದಿಗೆ ಹಾಕಿದೆ.

ಅವರ ಭಯಕ್ಕೆ ಕಾರಣವೇ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ವರ್ಷದ ಹಿಂದೆ ಅಣ್ಣನ ಮನೆಯ ಗೃಹಪ್ರವೇಶದಲ್ಲಿ ಅತ್ತಿಗೆಯ ತಂಗಿಗೆ ಕೊಟ್ಟ ಸೀರೆ ನನ್ನ ಸೀರೆಗಿಂತ ಚೆನ್ನಾಗಿದೆ ಎಂದು, ನನಗೆ ಕೊಟ್ಟ ಸೀರೆಯನ್ನು ಊರವರ ಮುಂದೆ ಅಣ್ಣನ ಮುಖಕ್ಕೆ ಎಸೆದಿದ್ದೆ. ಅವತ್ತು ಪಂಕ್ತಿಯಲ್ಲಿ ಕೂತವರು ಎಲೆ ಬಿಟ್ಟು ಎದ್ದಿದ್ದರು. ಅದೆಲ್ಲ ನಿಜ. ಅದಕ್ಕೆ ಬೇಕಾದರೆ ನನ್ನನ್ನು ಬೈಯಬಹುದಿತ್ತು, ಕೈ ಹಿಡಿದುಕೊಂಡು ಹೆಣದ ಹತ್ತಿರ ಕರೆದೊಯ್ಯಬಹುದಿತ್ತು, ನಾಲ್ಕು ಜನ ಸುತ್ತ ನಿಲ್ಲಬಹುದಿತ್ತು. ನಾನು ತಡೆದುಕೊಳ್ಳುತ್ತಿದ್ದೆನೋ ಇಲ್ಲವೋ ಯಾರಿಗೆ ಗೊತ್ತು? ನನಗೂ ಗೊತ್ತಿಲ್ಲ. ಅದನ್ನು ತಿಳಿಯುವ ಅವಕಾಶವನ್ನೇ ಅಮ್ಮ ಕಿತ್ತುಕೊಂಡಳು.

ಮೂರನೇ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುವುದು. ಅಮ್ಮನನ್ನು ನಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದ್ದರು. ಎಲ್ಲರೂ ಸಾಲಾಗಿ ಹೋದೆವು. ನನ್ನ ಸರದಿ ಬಂತು. ಅಣ್ಣ ನನ್ನ ಎಡಗಡೆ ಬಂದು ನಿಂತ, ಗಂಡ ಬಲಗಡೆ. ಇಬ್ಬರ ಕೈಗಳೂ ಅರ್ಧ ಚಾಚಿದ್ದವು.

"ಕೈ ತೆಗೀರಿ" ಎಂದೆ.

"ಅಲ್ಲಮ್ಮ..."

"ಬೀಳಲ್ಲ. ಕೈ ತೆಗಿ."

ತೆಗೆದರು. ನಾನು ಬಗ್ಗಿ ಹಾಲು ಬಿಟ್ಟೆ. ಹೊಸ ಮಣ್ಣು, ಬಿಟ್ಟ ಹಾಗೆ ಹೀರಿಕೊಂಡಿತು. ಮೆಲ್ಲಗೆ ಅಮ್ಮನಿಗೆ ಹೇಳಿದೆ, ಪಕ್ಕದಲ್ಲಿದ್ದವರಿಗೂ ಕೇಳಿಸಿರಬೇಕು: "ನೀನು ಮಾಡಿದ್ದು ತಪ್ಪು. ತಪ್ಪೇ." ಎದೆ ಬಡಿದುಕೊಳ್ಳಲಿಲ್ಲ. ತುಪ್ಪ ಬಿಟ್ಟು, ಚೊಂಬು ಹಿಂದಿದ್ದವಳ ಕೈಗೆ ಕೊಟ್ಟು ಪಕ್ಕಕ್ಕೆ ಬಂದೆ. ದೊಡ್ಡಮ್ಮ ತನ್ನ ಮಗಳ ಕಿವಿಯಲ್ಲಿ ಏನೋ ಅಂದಳು. ಅನ್ನಲಿ.

ವಾಪಸು ಬರುವಾಗ ದಾರಿಯಲ್ಲಿ ಅಣ್ಣನನ್ನು ಕೇಳಿದೆ. ಅಮ್ಮ ಕೊನೆಗೆ ಹೇಗಿದ್ದಳು, ಮುಖ ಹೇಗಿತ್ತು, ಯಾವ ಸೀರೆ ಉಡಿಸಿದಿರಿ, ಎಲ್ಲ ಹೇಳು ಎಂದೆ. "ಅದೆಲ್ಲ ಯಾಕಮ್ಮ ಈಗ" ಎಂದು ಮುಂದೆ ನಡೆದುಬಿಟ್ಟ. ತಿಥಿಗೆ ಮತ್ತೆ ಹೋದಾಗ ನಾನು ಅವನ ಜೊತೆ ಮಾತಾಡಲಿಲ್ಲ.

ಗಂಡ ಮಾತ್ರ ಪಾವಗಡದ ಚಹಾದ ವಿಷಯ ತಾನಾಗಿಯೇ ಎತ್ತಿದ. "ನಾನೂ ತಪ್ಪು ಮಾಡೀನಿ ಬಿಡು" ಎಂದ. ಬಿಡುವುದಿಲ್ಲ ಎಂದೆ. ಅವನು ಗುಳಿಗೆಯ ಮಾತೆತ್ತಲಿಲ್ಲ. "ಬೈ ಹಂಗಾರ" ಎಂದು ಕೂತ. ಬೈದೆ. ಬಹಳ ದಿನಗಳ ಮೇಲೆ ಒಬ್ಬರು ಪೂರ್ತಿ ಕೇಳಿಸಿಕೊಂಡರು.

ಯೂನಿಟ್ಟಿಗೆ ಹೋಗತೊಡಗಿದೆ. ಪಟ್ಟಿ ತಪ್ಪಾಗಿ ಕೂಡಿಸಿದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತೇವೆ. ಜೀನ್ಸ್ ಬಟ್ಟೆಯಲ್ಲಿ ಹಳೆಯ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಲೇ ಇರುತ್ತವೆ. ಅದರ ಪಕ್ಕದಲ್ಲೇ ಹೊಸ ಹೊಲಿಗೆ ಹಾಕಬೇಕು, ಬೇರೆ ದಾರಿಯಿಲ್ಲ.

ಊಟದ ಬಿಡುವಿನ ಹೊತ್ತು ಕಷ್ಟ. ಒಂದೂ ಹತ್ತಕ್ಕೆ ಕೈ ತಾನಾಗಿ ಫೋನಿನ ಹತ್ತಿರ ಹೋಗುತ್ತದೆ. ಒಂದು ದಿನ ಅದೇ ಹೊತ್ತಿಗೆ ಅದು ಬಡಿದುಕೊಂಡಿತು. ಅಣ್ಣ. ಎತ್ತಲಿಲ್ಲ, ಕತ್ತರಿಸಿದೆ. ಒಂದು ಗಂಟೆ ಬಿಟ್ಟು ಮತ್ತೆ ಮಾಡುತ್ತಾನೇನೋ ಎಂದು ಮಷಿನ್ನಿನ ಮುಂದೆ ಕೂತು ಕಾದೆ. ಮಾಡಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ. ಅದಕ್ಕೂ ಸಿಟ್ಟು ಬಂತು. ಇವನೂ ಬಿಟ್ಟ, ಮುಗಿಯಿತು, ಇನ್ನು ಅವನ ನಂಬರೇ ಬೇಡ ಎಂದು ತೆಗೆದುಹಾಕಲು ಹೊರಟೆ. ಮತ್ತೆ ಅದೇ ಬಾಗಿಲು. ಗುರುತು ಸಿಕ್ಕಿತು.

ಮರುದಿನ ಒಂದೂ ಹತ್ತಕ್ಕೆ ನಾನೇ ಮಾಡಿದೆ.

"ಯಾವ ಸೀರೆ ಉಡಿಸಿದ್ರಿ?"

"ಈಗ್ಯಾಕಮ್ಮ..."

"ಅವತ್ತು ನೀನು ನೋಡಿದ್ದು ನನ್ನ ಪಾಲಿಂದು. ನೀನಿಟ್ಕೊಂಡಿದ್ದೀಯ. ಕೊಡು."

ಅಣ್ಣ ಹೇಳಿದ: "ನೀನು ಗೃಹಪ್ರವೇಶದಲ್ಲಿ ಎಸೆದ್ಯಲ್ಲ, ಆ ಸೀರೆ. ಅಮ್ಮನ ಪೆಟ್ಟಿಗೇಲಿ ಮೇಲೇ ಇತ್ತು. ಉಟ್ಟೇ ಇರ್ಲಿಲ್ಲ. ಹೊಸದು ಅಂತ ಅದನ್ನೇ ಉಡಿಸಿದ್ರು."

ನಾನು ಗೋಡೆಗೆ ಒರಗಿದೆ. "ಮುಖ?"

"ಬಾಯಿ ಒಸಿ ತೆರ್ಕೊಂಡಿತ್ತು. ಬಟ್ಟೆ ಕಟ್ಟಿದ್ವಿ. ಅರಿಶಿಣ ಹಚ್ಚಿದ್ವಿ. ನಿದ್ದೆ ಮಾಡ್ದಂಗೆ ಏನೂ ಇರ್ಲಿಲ್ಲ, ಎಲ್ಲಾರು ಹೇಳ್ತಾರೆ ಹಂಗೆ. ಸತ್ತಂಗೇ ಇತ್ತು." ಅವನ ದನಿ ಒಡೆಯಿತು. "ನನಗೂ ನೋಡಕ್ಕಾಗ್ಲಿಲ್ಲ ಕಣೇ."

ಬಿಡುವು ಮುಗಿದ ಗಂಟೆ ಹೊಡೆಯಿತು.

"ನಾಳೆ ಇದೇ ಹೊತ್ತಿಗೆ ಮಾಡ್ತೀನಿ" ಎಂದೆ. "ಮೊದಲ ಚೊಂಬು ನೀರು ಯಾರು ಹಾಕಿದ್ರು ಅನ್ನೋದನ್ನ ಹೇಳ್ಬೇಕು ನೀನು."

"ಹೂಂ. ಸಿಟ್ಟು ಹೋಯ್ತಾ?"

"ಇಲ್ಲ."

"ಹೂಂ" ಎಂದ. "ಆಯ್ತು. ಮಾಡು."